ಥಾರ್ ಡಿಐ ಹೆಡ್ ಗ್ಯಾಸ್ಕೆಟ್ ಎರಡನೇ ಸಲ ಹೋಯಿತು: ಶಿವಮೊಗ್ಗದ ಈ ಗ್ಯಾರೇಜ್ ಬಗ್ಗೆ ಬರೆಯಲೇಬೇಕು

ನಾಲ್ಕು ತಿಂಗಳಲ್ಲಿ ಎರಡು ಸಲ ಇಂಜಿನ್ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲೆ ಮುಚ್ಚಳದ ಹಾಗೆ ಕೂರುವ ಭಾಗ, ಬಿಚ್ಚಿಸಿದೆ. ಮೊದಲನೇ ಸಲ ಒಂದು ಕಡೆ, ಎರಡನೇ ಸಲ ಶಿವಮೊಗ್ಗದ ಸಾಗರ ರಸ್ತೆ ಕಡೆ ಇರುವ ಆಟೋ ಕಾಂಪ್ಲೆಕ್ಸ್‌ನಲ್ಲಿ. ನಾನು ಬರೆಯುತ್ತಿರುವುದು ಎರಡನೆಯದರ ಬಗ್ಗೆ. ಮೊದಲನೆಯದು ಎಲ್ಲಿ, ಯಾರು ಅಂತ ಹೇಳುವುದಿಲ್ಲ, ಅದರಿಂದ ಯಾರಿಗೂ ಉಪಯೋಗವಿಲ್ಲ. ಆದರೆ ಅಲ್ಲಿ ಏನು ಬಿಟ್ಟುಹೋಗಿತ್ತು ಅನ್ನುವುದನ್ನು ಹೇಳದೇ ಇದ್ದರೆ ಇಲ್ಲಿ ಏನು ಚೆನ್ನಾಗಿ ಆಯಿತು ಅನ್ನುವುದು ನಿಮಗೆ ಗೊತ್ತಾಗುವುದಿಲ್ಲ.

ಗಾಡಿ 2012ರ ಮಹೀಂದ್ರ ಥಾರ್ ಡಿಐ, ಫೋರ್ ವೀಲ್ ಡ್ರೈವ್. 2523 ಸಿಸಿ, ನಾಲ್ಕು ಸಿಲಿಂಡರ್, 63 ಹಾರ್ಸ್ ಪವರ್. ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಸಿಂಪಡಿಸುವ ಕಾಮನ್ ರೈಲ್ ಅಲ್ಲ, ಹಳೇ ಕ್ರಮದ ಮೆಕ್ಯಾನಿಕಲ್ ಪಂಪ್. ಓಟಕ್ಕಿಂತ ಎಳೆಯುವುದರಲ್ಲಿ ಗಟ್ಟಿ. ನಮ್ಮ ತೋಟ ಇರುವುದು ತೀರ್ಥಹಳ್ಳಿಯಿಂದ ಒಳಗೆ, ಕೊನೆಯ ಎರಡು ಕಿಲೋಮೀಟರ್ ಕೆಂಪು ಮಣ್ಣಿನ ಏರು, ಮಧ್ಯೆ ಒಂದು ಹಳ್ಳ. ಮಳೆಗಾಲದಲ್ಲಿ ಈ ಗಾಡಿ ಬಿಟ್ಟರೆ ಬೇರೆ ಏನೂ ಬರುವುದಿಲ್ಲ. ಗೊಬ್ಬರ, ಅಡಿಕೆ, ಆಳುಗಳು, ಹುಷಾರಿಲ್ಲದಾಗ ಅಮ್ಮ, ಎಲ್ಲರೂ ಎಲ್ಲವೂ ಇದರಲ್ಲೇ. ಅದಕ್ಕೇ ಇದು ನಿಂತರೆ ನಮ್ಮ ಮನೆಯೇ ನಿಂತ ಹಾಗೆ.

ಜುಲೈನಲ್ಲಿ ಮೊದಲ ಸಲ ಹೀಟ್ ಆಗಿ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗೆ ಸೋರದ ಹಾಗೆ ಹಾಕುವ ಹಾಳೆ) ಹೋಯಿತು. ಎರಡೇ ದಿನದಲ್ಲಿ ಹೊಸದು ಹಾಕಿಕೊಟ್ಟರು, 9,000 ರೂಪಾಯಿ ಆಯಿತು. ಬೇಗ ಆಯಿತಲ್ಲ ಅಂತ ಖುಷಿಯೂ ಆಗಿತ್ತು. ಸೆಪ್ಟೆಂಬರ್ ಕೊನೆಗೆ ಮತ್ತೆ ಶುರು. ಬೆಳಿಗ್ಗೆ ನೋಡಿದರೆ ರೇಡಿಯೇಟರ್‌ನಲ್ಲಿ ಅರ್ಧ ಲೀಟರ್ ನೀರು ಕಡಿಮೆ. ಕೆಳಗೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಹೋಸ್ ಪೈಪ್, ವಾಟರ್ ಪಂಪ್ ಎಲ್ಲ ಒಣಗಿದ ಹಾಗೇ ಇವೆ. ಹಾಗಾದರೆ ನೀರು ಎಲ್ಲಿಗೆ ಹೋಗುತ್ತಿದೆ? ಒಳಗೇ ಸುಟ್ಟುಹೋಗುತ್ತಿದೆ ಅಂತಲೇ ಅರ್ಥ ಅಲ್ವಾ. ನಾನು ಮಾತ್ರ ದಿನಾ ನೀರು ತುಂಬಿ ಓಡಿಸುತ್ತಾ ಇದ್ದೆ. ಆ ಒಂದು ತಿಂಗಳು ಹಾಗೆ ಓಡಿಸಿದ್ದರಿಂದಲೇ ಕೆಲಸ ದೊಡ್ಡದಾಯಿತು ಅಂತ ಆಮೇಲೆ ತಿಳಿಯಿತು.

ನವೆಂಬರ್‌ನಲ್ಲಿ ಶಿವಮೊಗ್ಗದ ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್ಕೋಸ್‌ಗೆ ಆರು ಮೂಟೆ ಅಡಿಕೆ ಹಾಕಿಕೊಂಡು ಹೊರಟೆ. ಮಂಡಗದ್ದೆ ದಾಟುವಷ್ಟರಲ್ಲಿ ಹೀಟ್ ಮೀಟರ್ ಮುಳ್ಳು ಕೆಂಪಿಗೆ ಏರಿತು. ಬದಿಗೆ ಹಾಕಿ ಬಾನೆಟ್ ಎತ್ತಿದರೆ ಒಳಗೆಲ್ಲ ಆವಿ. ಮುಕ್ಕಾಲು ಗಂಟೆ ಸುಮ್ನೆ ಕುಳಿತೆ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬಾರದು, ಕುದಿಯುವ ನೀರು ಮುಖಕ್ಕೇ ಹಾರುತ್ತದೆ. ಕುದಿಯುತ್ತಿರುವ ಇಂಜಿನ್‌ಗೆ ತಣ್ಣೀರು ಸುರಿಯಲೂ ಬಾರದು, ಹೆಡ್ ಬಿರುಕು ಬಿಡಬಹುದು. ಅಲ್ಲಿಂದ ಮುಂದೆ ಓಡಿಸಲು ಧೈರ್ಯ ಬರಲಿಲ್ಲ. ಮೂಟೆಗಳನ್ನು ಪರಿಚಯದ ಪಿಕಪ್‌ಗೆ ದಾಟಿಸಿ, ಗಾಡಿಯನ್ನು ಟೋಯಿಂಗ್ ಲಾರಿ ಮೇಲೆ ಹತ್ತಿಸಿ ಶಿವಮೊಗ್ಗಕ್ಕೆ ತಂದೆ. ಅದಕ್ಕೇ 3,000 ಹೋಯಿತು.

ಈ ಗ್ಯಾರೇಜ್ ತೋರಿಸಿದ್ದು ಹೊಸನಗರ ಕಡೆಯ ನಮ್ಮ ನೆಂಟರು. ಅವರದ್ದು ಹಳೇ ಜೀಪ್, ಕೊಡಚಾದ್ರಿ ಬುಡದ ಊರು. ಕೊಡಚಾದ್ರಿಗೆ ಜನ ಹತ್ತಿಸುವ ಜೀಪಿನವರಲ್ಲಿ ಕೆಲವರು ಇಲ್ಲಿಗೇ ಬರುತ್ತಾರೆ ಅಂದರು. ನನಗೆ ಅಷ್ಟೇ ಸಾಕಾಯಿತು. ಆ ಕಲ್ಲು ಕೊರಕಲಿನ ಏರನ್ನು ಲೋ ಗೇರ್‌ನಲ್ಲಿ ದಿನಾ ಹತ್ತುವ ಗಾಡಿಯ ಇಂಜಿನ್‌ಗೆ ಗಾಳಿ ಸಿಗುವುದಿಲ್ಲ, ಶ್ರಮ ಮಾತ್ರ ಜಾಸ್ತಿ. ಅಂಥ ಇಂಜಿನ್ ತಣ್ಣಗಿಡುವುದು ಗೊತ್ತಿದ್ದವರಿಗೆ ನನ್ನದೂ ಗೊತ್ತಾಗುತ್ತದೆ ಅಂದುಕೊಂಡೆ.

ಗ್ಯಾರೇಜಿಗೆ ಬೋರ್ಡ್ ಇಲ್ಲ. ತಗಡಿನ ಶೆಡ್, ಒಂದು ಪಿಟ್, ಎರಡು ಗಾಡಿ ನಿಲ್ಲುವಷ್ಟು ಜಾಗ. ಮೇಸ್ತ್ರಿ ಮತ್ತು ಇಬ್ಬರು ಹುಡುಗರು. ಹೆಸರು ಹಾಕಲಾ ಅಂತ ಕೇಳಿದ್ದಕ್ಕೆ ಮೇಸ್ತ್ರಿ ಬೇಡ ಅಂದರು, ಇರುವ ಕೆಲಸವೇ ಮುಗಿಯುತ್ತಿಲ್ಲವಂತೆ. ಅವರ ಮಾತಿಗೆ ಬೆಲೆ ಕೊಟ್ಟು ಹೆಸರು ಹಾಕುತ್ತಿಲ್ಲ.

ಅವರು ಕೇಳಿದ ಮೊದಲ ಪ್ರಶ್ನೆಯೇ ನನಗೆ ಹಿಡಿಸಿತು. "ಗ್ಯಾಸ್ಕೆಟ್ ಹೋಗಿದ್ದು ಸರಿ ಗೌಡ್ರೆ, ಹೋದ ಸಲ ಯಾಕೆ ಹೋಗಿತ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹೀಟ್ ಆಯಿತು, ಹೋಯಿತು ಅಂದೆ. "ಹೀಟ್ ಯಾಕಾಯ್ತು?" ಅಂದರು. ಅದೂ ಗೊತ್ತಿರಲಿಲ್ಲ. "ಹಂಗಾದ್ರೆ ಇವತ್ತು ಬಿಚ್ಚಲ್ಲ. ಗಾಡಿ ಬಿಟ್ಟೋಗಿ. ಬೆಳಿಗ್ಗೆ ಪೂರ್ತಿ ತಣ್ಣಗಾದ ಮೇಲೆ ನೋಡ್ತೀನಿ, ನೀವೂ ಇರಿ" ಅಂದರು. ಆ ಮಾತಿಗಾಗಿ ಆ ರಾತ್ರಿ ಶಿವಮೊಗ್ಗದಲ್ಲೇ ತಂಗಿಯ ಮನೆಯಲ್ಲಿ ಉಳಿದುಕೊಂಡೆ.

ಮಾರನೇ ದಿನ ಬೆಳಿಗ್ಗೆ ಅವರು ಮಾಡಿದ ಪರೀಕ್ಷೆ ನೀವೂ ಮನೆಯಲ್ಲೇ ಮಾಡಬಹುದು, ಹಾಗಾಗಿ ಬಿಡಿಸಿ ಹೇಳುತ್ತೇನೆ. ಇಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಬಾಯಿವರೆಗೂ ನೀರು ತುಂಬಿದರು. ಆಮೇಲೆ ಸ್ಟಾರ್ಟ್. ಒಂದು ನಿಮಿಷ ಆಗುವಷ್ಟರಲ್ಲಿ ನೀರಿನಲ್ಲಿ ಗುಳ್ಳೆ ಬರಲು ಶುರುವಾಯಿತು. ಆಕ್ಸಿಲರೇಟರ್ ಒತ್ತಿದರೆ ಗುಳ್ಳೆಯೂ ಜಾಸ್ತಿ. ಮೊದಲು ಒಂದೆರಡು ಗುಳ್ಳೆ ಬಂದು ನಿಂತರೆ ಅದು ಒಳಗೆ ಸಿಕ್ಕಿಕೊಂಡಿದ್ದ ಗಾಳಿ, ಹೆದರುವುದು ಬೇಡ. ನಿಲ್ಲದೇ ಬರುತ್ತಾ ಇದ್ದರೆ ಸಿಲಿಂಡರ್ ಒಳಗಿನ ಹೊಗೆ ನೀರಿಗೆ ನುಗ್ಗುತ್ತಿದೆ ಅಂತ. ಇನ್ನೊಂದು ಗುರುತು ಹೇಳಿದರು. ಮುಚ್ಚಳ ಹಾಕಿ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ, ಎರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೆ ಅದೂ ಇದೇ ಕಾಯಿಲೆ. ನೀರು ಇನ್ನೂ ತಣ್ಣಗಿರುವಾಗ ಅಷ್ಟು ಒತ್ತಡ ಬರುವುದಕ್ಕೆ ಬೇರೆ ಕಾರಣವಿಲ್ಲ.

ಯಾಕೆ ಹೀಗೆ ಅಂತ ಅವರು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು. ಹೆಡ್ ಗ್ಯಾಸ್ಕೆಟ್ ಅಂದರೆ ಸಿಲಿಂಡರ್‌ಗಳಿರುವ ಬ್ಲಾಕ್‌ಗೂ ಹೆಡ್‌ಗೂ ಮಧ್ಯೆ ಇರುವ ತೆಳ್ಳನೆಯ ಹಾಳೆ. ಬೆಂಕಿ, ನೀರು, ಆಯಿಲ್, ಮೂರನ್ನೂ ಅದೇ ಬೇರೆ ಬೇರೆ ಇಡಬೇಕು. ಇಂಜಿನ್ ಓಡುವಾಗ ಸಿಲಿಂಡರ್ ಒಳಗಿನ ಒತ್ತಡ ನೀರಿನ ಒತ್ತಡಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಹಾಗಾಗಿ ಹೊಗೆ ನೀರಿಗೆ ಹೋಗುತ್ತದೆ. ನೀರನ್ನು ತಳ್ಳಿ ಹೊರಗೆ ಹಾಕುತ್ತದೆ. ಇಂಜಿನ್ ನಿಲ್ಲಿಸಿದ ಮೇಲೆ ಅದು ತಿರುಗುಮುರುಗು. ನೀರಿನಲ್ಲಿ ಒತ್ತಡ ಉಳಿದಿರುತ್ತದೆ, ಸಿಲಿಂಡರ್‌ನಲ್ಲಿ ಏನೂ ಇಲ್ಲ, ಆಗ ನೀರು ಸಿಲಿಂಡರ್‌ಗೆ ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ. ನಮ್ಮ ಕಡೆ ನವೆಂಬರ್ ಬೆಳಿಗ್ಗೆ ಎಲ್ಲಾ ಗಾಡಿಗೂ ಸ್ವಲ್ಪ ಬಿಳಿ ಆವಿ ಬರುತ್ತದೆ, ಇಬ್ಬನಿ ಕಾಲ ಅಲ್ವಾ. ಬಿಸಿಯಾದ ಮೇಲೂ ಅದು ನಿಲ್ಲದಿದ್ದರೆ ಅನುಮಾನ ಪಡಿ. ನೀರು ಜಾಸ್ತಿ ಇಳಿದು ತುಂಬಿಕೊಂಡರೆ ಸ್ಟಾರ್ಟ್ ಮಾಡುವಾಗ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗುವ ಅಪಾಯವೂ ಇದೆ, ಏಕೆಂದರೆ ಪಿಸ್ಟನ್ ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ. ಒಂದು ತಿಂಗಳು ನಾನು ಇದೇ ಅಪಾಯದಲ್ಲಿ ಓಡಿಸುತ್ತಿದ್ದೆ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲಿನ ಕೆನೆ ತರ ತೆಳ್ಳಗೆ ಅಂಟಿಕೊಂಡಿತ್ತು. ಅದನ್ನು ನೋಡಿ ಆಯಿಲ್‌ಗೂ ನೀರು ಸೇರಿದೆ ಅಂತ ನಾನು ಗಾಬರಿಯಾದೆ. ಮೇಸ್ತ್ರಿ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ತೋರಿಸಿದರು, ಅದರಲ್ಲಿ ಆಯಿಲ್ ಕಪ್ಪಗೆ ಸರಿಯಾಗೇ ಇತ್ತು. ಮಳೆ, ಥಂಡಿ ಇರುವ ಕಡೆ ಹತ್ತಿರ ಹತ್ತಿರ ಓಡಿಸುವ ಗಾಡಿಗಳಲ್ಲಿ ಮುಚ್ಚಳಕ್ಕೆ ಹೀಗೆ ತೇವ ಕಟ್ಟುವುದು ಉಂಟು, ಡಿಪ್‌ಸ್ಟಿಕ್ ಮೇಲೂ ಬಿಳಿ ಕಂಡರೆ ಮಾತ್ರ ಆಯಿಲ್‌ಗೆ ನೀರು ಸೇರಿದೆ ಅಂತ ಅಂದರು. ಹೆದರಿಸಿ ದುಡ್ಡು ಮಾಡುವವರಾಗಿದ್ದರೆ ಅಲ್ಲೇ ಇಂಜಿನ್ ಪೂರ್ತಿ ಬಿಚ್ಚಬೇಕು ಅನ್ನಬಹುದಿತ್ತು. ಅವರು ಹಾಗೆ ಮಾಡಲಿಲ್ಲ.

ಆಮೇಲೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ತೆಗೆದು ಒಂದೊಂದೇ ಸಿಲಿಂಡರ್‌ನ ಕಂಪ್ರೆಶನ್, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ ನೋಡಿದರು. ಒಂದು ಮತ್ತು ನಾಲ್ಕು ಚೆನ್ನಾಗಿತ್ತು. ಎರಡು ಮತ್ತು ಮೂರು ಎರಡೂ ಕಡಿಮೆ. ಅಕ್ಕಪಕ್ಕದ ಎರಡು ಒಟ್ಟಿಗೆ ಕಡಿಮೆ ಬಂದರೆ ಗ್ಯಾಸ್ಕೆಟ್ ಅವೆರಡರ ಮಧ್ಯೆಯೇ ಸೋತಿದೆ ಅಂತ ಬಹುಪಾಲು ಹೇಳಬಹುದಂತೆ. ಇಷ್ಟೆಲ್ಲ ಆದ ಮೇಲೇ ಪಾನಾ ಕೈಗೆ ತೆಗೆದುಕೊಂಡಿದ್ದು.

ಹೆಡ್ ಎತ್ತಿದಾಗ ನಾನು ಪಕ್ಕದಲ್ಲೇ ಇದ್ದೆ. ಹಳೇ ಗ್ಯಾಸ್ಕೆಟ್ ಪೇಪರ್ ಮೇಲೆ ಹರಡಿ ತೋರಿಸಿದರು. ಸಿಲಿಂಡರ್ ಸುತ್ತ ಬಳೆಯ ಹಾಗೆ ಲೋಹದ ಅಂಚು ಇರುತ್ತದೆ. ಎರಡು ಮತ್ತು ಮೂರರ ನಡುವೆ ಆ ಬಳೆ ಸುಟ್ಟು ಕಪ್ಪು ಗೆರೆ ಬಿದ್ದಿತ್ತು, ಅಲ್ಲಿಂದ ನೀರಿನ ತೂತಿನವರೆಗೂ ಮಸಿ. ಗ್ಯಾಸ್ಕೆಟ್ ಎರಡೂ ಕಡೆ ಸಿಲಿಕೋನ್ ಗಮ್ ಬಳಿದಿದ್ದರು. ಮೇಸ್ತ್ರಿಗೆ ಅದು ನೋಡಿ ಬೇಜಾರಾಯಿತು. ಈ ಗ್ಯಾಸ್ಕೆಟ್‌ಗೆ ಗಮ್ ಬೇಡವೇ ಬೇಡ, ಹೆಚ್ಚಾಗಿದ್ದು ಪಿಸುಕಿ ನೀರಿನ ದಾರಿಗೆ ಬಿದ್ದು ಅಲ್ಲೇ ಕಟ್ಟಿಕೊಳ್ಳುತ್ತದೆ. ನಿಜಕ್ಕೂ ಒಂದು ತೂತಿನಲ್ಲಿ ಗಮ್ಮಿನ ತುಂಡು ಸಿಕ್ಕಿತು.

ಹೆಡ್ಡನ್ನು ಚೆನ್ನಾಗಿ ಒರೆಸಿ, ನೇರ ಪಟ್ಟಿ ಇಟ್ಟು, ಕೆಳಗೆ ಸಂದು ಅಳೆಯುವ ತೆಳ್ಳನೆಯ ಲೋಹದ ಎಲೆಗಳ ಫೀಲರ್ ಗೇಜ್ ತೂರಿಸಿದರು. ಮಧ್ಯದಲ್ಲಿ 0.15 ಮಿಲಿಮೀಟರ್ ಎಲೆ ಸಲೀಸಾಗಿ ಹೋಯಿತು. ನೋಡುವುದಕ್ಕೆ ಏನೂ ಅಲ್ಲ, ಎರಡು ಕೂದಲು ಒಟ್ಟಿಗೆ ಇಟ್ಟಷ್ಟು ಸಂದು. ಆದರೆ ಅಷ್ಟು ಡೊಂಕಿದ್ದ ಹೆಡ್ ಕೆಳಗೆ ಎಷ್ಟೇ ಒಳ್ಳೆ ಗ್ಯಾಸ್ಕೆಟ್ ಹಾಕಿದರೂ ನಿಲ್ಲುವುದಿಲ್ಲ. "0.05 ದಾಟಿದ್ರೆ ನಾನು ಲೇತ್‌ಗೆ ಕಳಿಸದೇ ಕೂರಿಸಲ್ಲ" ಅಂದರು. ಹೋದ ಸಲ ಹೆಡ್ ನೇರ ಇದೆಯಾ ಅಂತ ಯಾರೂ ನೋಡಿಯೇ ಇರಲಿಲ್ಲ. ಡೊಂಕು ಹೆಡ್ ಕೆಳಗೆ ಹೊಸ ಗ್ಯಾಸ್ಕೆಟ್ ಹಾಕಿ, ಗಮ್ ಬಳಿದು, ಬೋಲ್ಟ್‌ಗೆ ಪೈಪ್ ಹಾಕಿ ಬಿಗಿದು ಕಳಿಸಿದ್ದರು. ನಾಲ್ಕು ತಿಂಗಳು ಬಂದದ್ದೇ ಹೆಚ್ಚು.

ಹೆಡ್ ಡೊಂಕಾಗಿದ್ದು ಹೀಟ್‌ನಿಂದ. ಹೀಟ್ ಆಗಿದ್ದು ಯಾಕೆ? ಮೇಸ್ತ್ರಿ ಇದನ್ನು ಬಿಡಲೇ ಇಲ್ಲ, ಹುಡುಕಿದರು. ಹುಡುಕಿದಾಗ ಮೂರು ಸಿಕ್ಕವು.

ಮೊದಲನೆಯದು ಕೆಸರು. ರೇಡಿಯೇಟರ್ ಮುಂದಿನಿಂದ ನೋಡಿದರೆ ಚೊಕ್ಕವಾಗೇ ಕಾಣುತ್ತಿತ್ತು, ನಾನು ವಾರಕ್ಕೊಮ್ಮೆ ನೀರು ಹೊಡೆಯುತ್ತಿದ್ದೆ. ಬಿಚ್ಚಿ ಬೆಳಕಿಗೆ ಹಿಡಿದಾಗ ಕೆಳಗಿನ ಮೂರನೇ ಒಂದು ಭಾಗದಲ್ಲಿ ಬೆಳಕೇ ತೂರಿ ಬರಲಿಲ್ಲ. ಕೆಂಪು ಮಣ್ಣು, ಹುಲ್ಲಿನ ಚೂರು, ಒಣಗಿ ಇಟ್ಟಿಗೆಯಾಗಿತ್ತು. ನಾವು ಮುಂದಿನಿಂದ ಜೋರಾಗಿ ನೀರು ಹೊಡೆದರೆ ಮಣ್ಣು ಇನ್ನೂ ಒಳಗೆ ಹೋಗಿ ಕೂರುತ್ತದೆ. ಇಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ ನೀರು ಬಿಡಬೇಕು. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ತೆಳ್ಳನೆಯ ರೆಕ್ಕೆಗಳು ಮಡಚಿಕೊಂಡು ಗಾಳಿ ಹೋಗುವ ದಾರಿಯೇ ಮುಚ್ಚುತ್ತದೆ. ಹಳ್ಳ ದಾಟುವ, ಕೆಸರಿನಲ್ಲಿ ಓಡಿಸುವ ಎಲ್ಲರೂ ಮಳೆಗಾಲ ಮುಗಿದ ಮೇಲೆ ಒಂದು ಸಲ ರೇಡಿಯೇಟರ್ ಇಳಿಸಿ ನೋಡಿ. ನಮ್ಮ ಕಡೆ ಹೀಟ್ ಆಗುವ ಗಾಡಿಗಳಲ್ಲಿ ಅರ್ಧದ ಕಥೆ ಇದೇ ಅಂತ ಮೇಸ್ತ್ರಿ ಹೇಳಿದರು, ನನ್ನದನ್ನು ಕಣ್ಣಾರೆ ನೋಡಿದ ಮೇಲೆ ನಾನೂ ನಂಬುತ್ತೇನೆ.

ಎರಡನೆಯದು ನೀರು. ನಾನು ವರ್ಷಗಟ್ಟಲೆ ಕೂಲಂಟ್ ಹಾಕಿರಲಿಲ್ಲ. ಹಳ್ಳದ ನೀರು, ಮನೆಗೆ ಬರುವ ಅಬ್ಬಿ ನೀರು, ಸಿಕ್ಕಿದ್ದು ಹಾಕುತ್ತಿದ್ದೆ. ನಮ್ಮ ಅಪ್ಪನೂ ಹಾಗೇ ಮಾಡುತ್ತಿದ್ದರು. ಕುಡಿಯುವುದಕ್ಕೆ ಎಷ್ಟೇ ಒಳ್ಳೆ ನೀರಾದರೂ ಕಬ್ಬಿಣದ ಇಂಜಿನ್ ಒಳಗೆ ಬರೀ ನೀರು ನಿಂತರೆ ತುಕ್ಕು ಹಿಡಿಯುತ್ತದೆ. ಆ ತುಕ್ಕು ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲಿ ಕೆಸರಾಗಿ ಕೂರುತ್ತದೆ. ಇಳಿಸಿದಾಗ ಬಂದ ನೀರು ಕಾಫಿ ಕಷಾಯದ ಬಣ್ಣ ಇತ್ತು. ಕೂಲಂಟ್ ಮಾಡುವ ಮುಖ್ಯ ಕೆಲಸ ತುಕ್ಕು ತಡೆಯುವುದು. ಅದರ ಜೊತೆಗೆ ಕುದಿಯುವ ಬಿಸಿಯನ್ನೂ ಸ್ವಲ್ಪ ಮೇಲಕ್ಕೆ ಏರಿಸುತ್ತದೆ. ರೇಡಿಯೇಟರ್ ಮುಚ್ಚಳದ ಕೆಲಸವೂ ಅದೇ. 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳ ಸರಿಯಾಗಿದ್ದರೆ ಬರೀ ನೀರು ಕೂಡ 118 ಡಿಗ್ರಿ ಹತ್ತಿರ ಹೋಗುವವರೆಗೂ ಕುದಿಯುವುದಿಲ್ಲ. ನನ್ನ ಮುಚ್ಚಳದ ರಬ್ಬರ್ ಒಡೆದು ಗಟ್ಟಿಯಾಗಿತ್ತು. ಅಷ್ಟು ಚಿಕ್ಕ ಸಾಮಾನು, ಯಾರೂ ನೋಡುವುದೇ ಇಲ್ಲ.

ಮೂರನೆಯದು ಥರ್ಮೋಸ್ಟಾಟ್, ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೇ ತಡೆಯುವ ವಾಲ್ವ್. ಅದು ಇರಲೇ ಇಲ್ಲ! ಹೋದ ಸಲವೋ ಅದಕ್ಕೂ ಮೊದಲೋ ಯಾರೋ ತೆಗೆದು ಹಾಕಿದ್ದರು. ತೆಗೆದರೆ ತಣ್ಣಗಿರುತ್ತದೆ ಅಂತ ಸುಮಾರು ಕಡೆ ಹೀಗೆ ಮಾಡುತ್ತಾರೆ. ಹಾಗೆ ಮಾಡಿದರೆ ನಮ್ಮ ಚಳಿಗೆ ಬೆಳಿಗ್ಗೆ ಇಂಜಿನ್ ಬಿಸಿಯೇ ಏರುವುದಿಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಒಳಗೆ ಸವೆತವೂ ಜಾಸ್ತಿ. ನಿಜವಾದ ಹೀಟ್ ಸಮಸ್ಯೆಯನ್ನು ಇದು ಮುಚ್ಚಿಡುತ್ತದೆ ಅಷ್ಟೇ, ಲೋಡ್ ಬಿದ್ದ ದಿನ ಅದು ಹೊರಗೆ ಬರುತ್ತದೆ. ನನಗೆ ಆರು ಮೂಟೆ ಹಾಕಿದ ದಿನ ಬಂತು.

ಅಂದರೆ ಗಾಡಿಯ ಇಂಜಿನ್ ತಪ್ಪು ಏನೂ ಇರಲಿಲ್ಲ. ಎಲ್ಲವೂ ನಾವು ನೋಡಿಕೊಳ್ಳದೇ ಬಿಟ್ಟಿದ್ದು.

ಇಲ್ಲೇ ಒಂದು ಮಾತು. ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕಿ ಅಂತ ನನಗೆ ಮೂರು ಜನ ಹೇಳಿದ್ದರು. ರೇಡಿಯೇಟರ್‌ನಲ್ಲೇ ಸೂಜಿ ಮೊನೆಯಷ್ಟು ತೂತಿದ್ದು, ದಾರಿ ಮಧ್ಯೆ ಸಿಕ್ಕಿಕೊಂಡಿದ್ದರೆ ಮನೆ ಮುಟ್ಟುವವರೆಗೆ ಅದು ನಡೆಯಬಹುದು. ಹೆಡ್ ಗ್ಯಾಸ್ಕೆಟ್‌ಗೆ ಅದು ಮದ್ದಲ್ಲ. ಲೀಕ್ ನಿಲ್ಲಿಸುವ ಬಾಟಲಿ ದ್ರಾವಣಗಳೂ ಅಷ್ಟೇ, ಮೊದಲೇ ಕಟ್ಟಿಕೊಂಡಿರುವ ಕೊಳವೆಯನ್ನು ಇನ್ನಷ್ಟು ಕಟ್ಟುತ್ತವೆ.

ಹೆಡ್ ಲೇತ್‌ಗೆ ಹೋಯಿತು. ಅಲ್ಲಿ ಮೊದಲು ನೀರಿನ ದಾರಿಗಳನ್ನು ಮುಚ್ಚಿ, ಗಾಳಿ ತುಂಬಿ, ಬಿಸಿ ನೀರಿನಲ್ಲಿ ಮುಳುಗಿಸಿ ಬಿರುಕಿದೆಯಾ ನೋಡಿದರು. ಬಿರುಕು ಇರಲಿಲ್ಲ, ನನ್ನ ಪುಣ್ಯ. ಇದ್ದಿದ್ದರೆ ಹೊಸ ಹೆಡ್ಡೇ ಬೇಕಾಗುತ್ತಿತ್ತು, ಖರ್ಚು ಎಲ್ಲಿಗೋ ಹೋಗುತ್ತಿತ್ತು. ಆಮೇಲೆ ಫೇಸಿಂಗ್, ಅಂದರೆ ಹೆಡ್‌ನ ಮೇಲ್ಮೈ ಉಜ್ಜಿ ನೇರ ಮಾಡುವುದು. ಡೀಸೆಲ್ ಇಂಜಿನ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ಹೆಡ್‌ಗೂ ಅದಕ್ಕೂ ಮಧ್ಯೆ ಜಾಗ ಬಹಳ ಕಡಿಮೆ, ಹಾಗಾಗಿ ಬೇಕಾಬಿಟ್ಟಿ ಉಜ್ಜಿ ತೆಗೆಯುವ ಹಾಗಿಲ್ಲ. ಎಷ್ಟು ಕಡಿಮೆ ಆಗುತ್ತದೋ ಅಷ್ಟೇ ತೆಗೆದು, ವಾಲ್ವ್‌ಗಳು ಒಳಗೆ ಎಷ್ಟು ಕೂತಿವೆ ಅಂತ ಮತ್ತೆ ಅಳೆದರು. ವಾಲ್ವ್ ಗ್ರೈಂಡಿಂಗ್ ಕೂಡ ಅಲ್ಲೇ ಆಯಿತು. ಬ್ಲಾಕ್ ಮೇಲ್ಮೈಯನ್ನೂ ಮೇಸ್ತ್ರಿ ಪಟ್ಟಿ ಇಟ್ಟು ಅಳೆದಿದ್ದರು, ಅದು ಸರಿ ಇತ್ತು.

ಕೂರಿಸುವ ದಿನ ನಾನು ಮತ್ತೆ ಹೋದೆ. ಅವರೇ ಫೋನ್ ಮಾಡಿ ಬನ್ನಿ ಅಂದಿದ್ದರು. ಆ ದಿನ ನೋಡಿದ್ದು ಇವತ್ತಿಗೂ ಕಣ್ಣಲ್ಲಿದೆ. ಹುಡುಗ ಒಂದೊಂದು ಬೋಲ್ಟ್ ತೂತಿಗೂ ಗಾಳಿ ಹೊಡೆದು, ಒಳಗಿದ್ದ ನೀರು ಆಯಿಲ್ ಎಲ್ಲ ಹೊರಗೆ ತೆಗೆದ. ತಳ ಮುಚ್ಚಿದ ತೂತಿನಲ್ಲಿ ನೀರು ಉಳಿದರೆ ಬೋಲ್ಟ್ ಬಿಗಿಯುವಾಗ ಆ ನೀರಿಗೆ ಹೋಗಲು ಜಾಗವಿಲ್ಲದೇ ಬ್ಲಾಕ್ ಬಿರಿಯಬಹುದು, ಬಿರಿಯದಿದ್ದರೂ ಬಿಗಿ ಸುಳ್ಳಾಗುತ್ತದೆ. ಸಿಲಿಂಡರ್‌ಗಳಿಗೆ ಬಟ್ಟೆ ತುರುಕಿ ಮೇಲ್ಮೈ ಒರೆಸಿದರು, ಮರಳು ಕಾಗದ ಮುಟ್ಟಲಿಲ್ಲ, ಅದರ ಪುಡಿ ಆಯಿಲ್‌ಗೆ ಬಿದ್ದರೆ ಬೇರಿಂಗ್ ತಿನ್ನುತ್ತದೆ. ಮೂರು ಬೋಲ್ಟ್‌ಗಳ ಕತ್ತು ಸಣ್ಣಗಾಗಿತ್ತು, ಪೈಪ್ ಹಾಕಿ ಎಳೆದು ಬಿಗಿದದ್ದರ ಫಲ. ಮೂರನ್ನೂ ಬದಲಿಸಿದರು. ಗ್ಯಾಸ್ಕೆಟ್‌ನ ಮೇಲ್ಭಾಗದ ಗುರುತನ್ನು ನನಗೂ ತೋರಿಸಿ ಇಟ್ಟರು.

ಆಮೇಲೆ ಟಾರ್ಕ್ ರೆಂಚ್, ಎಷ್ಟು ಬಲದಲ್ಲಿ ಬಿಗಿಯಬೇಕು ಅಂತ ಅಳೆದು ಬಿಗಿಯುವ ಪಾನಾ. ಮಧ್ಯದ ಬೋಲ್ಟ್‌ನಿಂದ ಶುರು ಮಾಡಿ ಎರಡೂ ಕಡೆ ಹೊರಕ್ಕೆ ಹೋಗುತ್ತಾ, ಮೂರು ಸುತ್ತಿನಲ್ಲಿ, ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಬದಿಯಿಂದ ಬಿಗಿದರೆ ಮಧ್ಯದಲ್ಲಿ ಉಬ್ಬು ನಿಂತುಬಿಡುತ್ತದೆ. ದೋಸೆ ಹಿಟ್ಟನ್ನು ಕಾವಲಿಯ ಮಧ್ಯದಲ್ಲಿ ಹಾಕಿ ಹೊರಗೆ ಎಳೆಯುವುದಿಲ್ವಾ, ಹಾಗೆ ಅಂತ ಹುಡುಗನಿಗೆ ಹೇಳಿಕೊಡುತ್ತಿದ್ದರು. ಎಷ್ಟು ಟಾರ್ಕ್ ಅನ್ನುವುದನ್ನು ಬಾಯಿಲೆಕ್ಕ ಹೇಳಲಿಲ್ಲ, ಎಣ್ಣೆ ಹಿಡಿದ ಹಳೇ ಮ್ಯಾನ್ಯುಯಲ್ ತೆರೆದು ಓದಿ ಸೆಟ್ ಮಾಡಿದರು. ಇಷ್ಟು ವರ್ಷ ಅನುಭವ ಇದ್ದೂ ಪುಸ್ತಕ ನೋಡಿದರಲ್ಲ, ಅದು ನನಗೆ ಬಹಳ ಇಷ್ಟವಾಯಿತು.

ಕೂಲಂಟ್ ಮತ್ತು ಶುದ್ಧ ಮಾಡಿದ ನೀರು ಅರ್ಧಕ್ಕರ್ಧ ಹಾಕಿದರು. ಟ್ಯಾಪೆಟ್ (ವಾಲ್ವ್ ಒತ್ತುವ ಭಾಗದ ಸಂದು) ಸೆಟ್ ಮಾಡಿದರು. ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿ ಗಾಳಿ ಪೂರ್ತಿ ಹೊರಗೆ ಬರುವವರೆಗೂ ಓಡಿಸಿದರು. ಹಳೇ ಕೂಲಂಟ್ ನೆಲಕ್ಕೆ ಚೆಲ್ಲಬೇಡಿ ಅಂತಲೂ ಹೇಳಿದರು. ಅದು ಸಿಹಿ ಇರುತ್ತದೆ, ನಾಯಿ, ದನ ನೆಕ್ಕಿದರೆ ಸಾಯುತ್ತವೆ. ಮನೆಯಲ್ಲಿ ದನ ಕಟ್ಟುವವರು ಇದನ್ನು ಮರೆಯಬೇಡಿ.

ಖರ್ಚಿನ ಲೆಕ್ಕ. ಗ್ಯಾಸ್ಕೆಟ್ ಸೆಟ್ ಮತ್ತು ಬೋಲ್ಟ್ 2,800, ಲೇತ್ ಕೆಲಸ ಎಲ್ಲ ಸೇರಿ 2,600, ರೇಡಿಯೇಟರ್ ಒಳಗೆ ಹೊರಗೆ ತೊಳೆಸಿದ್ದು 1,900, ಥರ್ಮೋಸ್ಟಾಟ್, ಮುಚ್ಚಳ, ಎರಡು ಹೋಸ್ 1,850, ಆಯಿಲ್ ಮತ್ತು ಫಿಲ್ಟರ್ 3,150, ಕೂಲಂಟ್ 1,600, ಕೂಲಿ 6,500. ಒಟ್ಟು 20,400 ರೂಪಾಯಿ. ಮೊದಲ ಸಲದ 9,000ಕ್ಕೆ ಹೋಲಿಸಿದರೆ ಎರಡರಷ್ಟಕ್ಕಿಂತ ಜಾಸ್ತಿ. ಆದರೆ ಆ 9,000 ಈಗ ಎಲ್ಲಿದೆ ಹೇಳಿ. ಸಾಮಾನಿನ ಬಿಲ್ ಎಲ್ಲ ಅಂಗಡಿಯದ್ದೇ ಕೊಟ್ಟರು, ಹಳೇ ಸಾಮಾನನ್ನೂ ಒಂದು ಚೀಲದಲ್ಲಿ ಹಾಕಿ ಗಾಡಿಯಲ್ಲಿ ಇಟ್ಟಿದ್ದರು.

ಸರಿ ಇಲ್ಲದ್ದನ್ನೂ ಹೇಳಬೇಕು. ನಾಲ್ಕು ದಿನ ಅಂದಿದ್ದು ಏಳು ದಿನ ಆಯಿತು. ಎರಡು ದಿನ ಲೇತ್‌ನಲ್ಲಿ ತಡ, ಒಂದು ದಿನ ಸುಮ್ಮನೆ ಹೋಯಿತು. ಅಡಿಕೆ ಗೊನೆ ಕೊಯ್ಲಿನ ಸಮಯ, ಗೊನೆ ಇಳಿಸುವ ಕೊನೆಗಾರರು ಬಂದು ಕುಳಿತಿದ್ದರು, ಬಾಡಿಗೆ ಗಾಡಿಗೆ ದುಡ್ಡು ಸುರಿದು ನನಗೆ ತುಂಬಾ ಕಷ್ಟವಾಯಿತು. ತಡ ಆಗುತ್ತದೆ ಅಂತ ಮೊದಲೇ ಹೇಳಿದ್ದರೆ ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದೆ. ನಾವು ಫೋನ್ ಮಾಡಿದರೆ ಎತ್ತುವುದು ಅಪರೂಪ. ಕೂರಲು ಜಾಗವಿಲ್ಲ, ಒಂದು ಹಳೇ ಟೈರ್ ಮೇಲೆ ಕುಳಿತಿರಬೇಕು. ಕೂಲಿಗೆ ಕೈಬರಹದ ಚೀಟಿ ಮಾತ್ರ. ಕಂಪನಿ ಬಿಲ್ ಬೇಕು, ವಾರಂಟಿ ಬೇಕು ಅನ್ನುವವರಿಗೆ ಇದು ಸರಿ ಹೊಂದುವುದಿಲ್ಲ. ಹೊಸ ಕಾಲದ ಸೆನ್ಸರ್ ಗಾಡಿಗಳನ್ನು ಅವರೇ ತೆಗೆದುಕೊಳ್ಳುವುದಿಲ್ಲ, ನನಗೆ ಅದು ಬರಲ್ಲ ಅಂತ ನೇರವಾಗಿ ಹೇಳಿ ಕಳಿಸಿದ್ದನ್ನು ನಾನೇ ನೋಡಿದೆ.

800 ಕಿಲೋಮೀಟರ್ ಆದ ಮೇಲೆ ಬರಲು ಹೇಳಿದ್ದರು. ಈ ತರದ ಗ್ಯಾಸ್ಕೆಟ್ ಬಿಸಿ ತಿಂದು ಸ್ವಲ್ಪ ಕೂರುತ್ತದೆ, ಬೋಲ್ಟ್ ಇನ್ನೊಮ್ಮೆ ನೋಡಬೇಕು ಅಂದರು. ಎಲ್ಲಾ ಗಾಡಿಗೂ ಹೀಗೆ ಬೇಕಿಲ್ಲ, ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಏನಿದೆಯೋ ಹಾಗೆ. ಹೋದೆ, ತಣ್ಣಗಿದ್ದಾಗ ಅದೇ ಕ್ರಮದಲ್ಲಿ ಒಂದೊಂದೇ ಬಿಗಿ ನೋಡಿ, ಟ್ಯಾಪೆಟ್ ಮತ್ತೆ ಸೆಟ್ ಮಾಡಿದರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ನಾನು ಮನೆಯಿಂದ ಒಯ್ದಿದ್ದ ಬಾಳೆಗೊನೆ ಮಾತ್ರ ಇಟ್ಟುಕೊಂಡರು.

ಈಗ 3,200 ಕಿಲೋಮೀಟರ್ ಆಗಿದೆ. ಹೋದ ತಿಂಗಳು ಕೆಳಗೆ ಹೆಬ್ರಿ ಕಡೆ ಹೋಗಿದ್ದೆ, ವಾಪಸ್ ಬರುವಾಗ ಐದು ಜನ, ಹಿಂದೆ ಸಾಮಾನು. ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವು ಎರಡನೇ ಗೇರ್‌ನಲ್ಲಿ ಹತ್ತಿಸಿದೆ. ಮುಳ್ಳು ಅರ್ಧ ದಾಟಲಿಲ್ಲ. ಮೇಲೆ ಚೆಕ್‌ಪೋಸ್ಟ್ ಹತ್ತಿರ ನಿಲ್ಲಿಸಿ ಹೋಸ್ ಮುಟ್ಟಿ ನೋಡಿದೆ, ಬಿಸಿ ಇತ್ತು, ಆದರೆ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಕೂಲಂಟ್ ಡಬ್ಬಿ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದು ಇಟ್ಟಿದ್ದೇನೆ, ದಿನಾ ಬೆಳಿಗ್ಗೆ ನೋಡುತ್ತೇನೆ. ಇವತ್ತೂ ನೋಡಿದೆ, ಗೆರೆಯಲ್ಲೇ ಇದೆ.

ಹೋಗುವವರಿಗೆ: ಆಟೋ ಕಾಂಪ್ಲೆಕ್ಸ್ ಒಳಗೆ ಹೋಗಿ ಹಳೇ ಜೀಪ್ ಕೆಲಸ ಮಾಡುವ ಮೇಸ್ತ್ರಿ ಯಾರು ಅಂತ ಕೇಳಿ, ತೋರಿಸುತ್ತಾರೆ. ಬೆಳಿಗ್ಗೆ ಒಂಬತ್ತೂವರೆ ಮೇಲೆ ಸಿಗುತ್ತಾರೆ, ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತದೆ. ಹೀಟ್ ಸಮಸ್ಯೆ ಆದರೆ ಹಿಂದಿನ ದಿನ ಸಂಜೆಯೇ ಗಾಡಿ ಬಿಡಿ, ಬಿಸಿ ಇಂಜಿನ್ ತಂದರೆ ಮರುದಿನ ಬನ್ನಿ ಅಂತಲೇ ಹೇಳುತ್ತಾರೆ.